ಐದು ಮಕ್ಕಳು, ಐದು ಕಾಗದ: ವಾಷಿಂಗ್ಟನ್ ಬಗ್ಗೆ ಒಂದು ಹೈಸ್ಕೂಲ್ ಸಂಶೋಧನೆಯ ಪ್ರಕರಣ

ಅಮೆರಿಕದ ಹನ್ನೊಂದನೇ ತರಗತಿ ಮಕ್ಕಳಿಗೆ ಆ ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ವಿಷಯ ಕೊಟ್ಟು, ಈ ಮನುಷ್ಯನ ಲೆಗಸಿ, ಅಂದರೆ ಸತ್ತ ಮೇಲೂ ಉಳಿದ ಹೆಸರು ಮತ್ತು ಪರಂಪರೆ, ಏನು ಅಂತ ಸಂಶೋಧನೆ ಮಾಡಿ ಬನ್ನಿ ಅಂದರೆ ಸುಲಭದ ಕೆಲಸ ಅನ್ನಿಸುತ್ತದೆ. ಹೆಸರು ಕೇಳದ ಮಗು ಇಲ್ಲ. ಒಂದು ಡಾಲರ್ ನೋಟಿನ ಮೇಲೆ ಅವನ ಮುಖ, ರಾಜಧಾನಿಗೆ ಅವನ ಹೆಸರು, ಫೆಬ್ರವರಿಯಲ್ಲಿ ಅವನ ಹುಟ್ಟುಹಬ್ಬಕ್ಕೆ ರಜೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಎಲ್ಲ ಗೊತ್ತು ಅಂದುಕೊಂಡವರ ಕೈಯಲ್ಲಿ ಹುಡುಕಿಸುವುದು ಏನೂ ಗೊತ್ತಿಲ್ಲದವರ ಕೈಯಲ್ಲಿ ಹುಡುಕಿಸುವುದಕ್ಕಿಂತ ಜಾಸ್ತಿ ಕಷ್ಟ.

ಈ ಪ್ರಕರಣ ನಡೆದದ್ದು ಉತ್ತರ ವರ್ಜೀನಿಯಾದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಅಲ್ಲಿನ ಲೈಬ್ರರಿ ನನ್ನ ಜವಾಬ್ದಾರಿ. ಶಾಲೆ, ವರ್ಷ, ಮಕ್ಕಳ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಹಳೆಯ ದಾಖಲೆಗಳ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಊರಲ್ಲಿ ಇತಿಹಾಸ ಕಲಿಸುವ ಗೆಳೆಯರಿಗೂ, ಇಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಗುಂಪಿನಲ್ಲಿ ಐವರಿದ್ದರು. ಮೂವರು ಹುಡುಗಿಯರು, ಇಬ್ಬರು ಹುಡುಗರು. ಇತಿಹಾಸದ ಮೇಷ್ಟ್ರು ಅನುಭವ ಇದ್ದವರು, ಮಕ್ಕಳ ಮೇಲೆ ಪ್ರೀತಿ ಇದ್ದವರು. ಅವರು ಕೊಟ್ಟ ಪ್ರಶ್ನೆ ಒಂದೇ ಸಾಲಿನದು: ವಾಷಿಂಗ್ಟನ್ ಲೆಗಸಿಯನ್ನು ನಾವು ಹೇಗೆ ಅಳೆಯಬೇಕು? ಕೊನೆಗೆ ಒಂದು ಲಿಖಿತ ಪ್ರಬಂಧ, ಒಂದು ಪ್ರದರ್ಶನ ಫಲಕ. ದಾಖಲೆ ಹುಡುಕುವುದಕ್ಕೆ ಸಹಾಯ ಮಾಡುವುದು ನನ್ನ ಕೆಲಸ.

ನಮ್ಮ ಶಾಲೆಯಿಂದ ಮೌಂಟ್ ವರ್ನನ್ ದೂರವಿಲ್ಲ. ಪೊಟೊಮ್ಯಾಕ್ ನದಿ ದಂಡೆಯ ಮೇಲಿರುವ ವಾಷಿಂಗ್ಟನ್ ಮನೆ ಅದು. ಐವರೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ಬಸ್ಸಿನಲ್ಲಿ ಹೋಗಿ ನೋಡಿ ಬಂದವರೇ. ಮನೆ, ತೋಟ, ಕುದುರೆ ಲಾಯ, ಗೋರಿ ಎಲ್ಲ ನೋಡಿದ್ದರು. ಹಾಗಾಗಿ ಯಾರಿಗೂ ಕುತೂಹಲ ಇರಲಿಲ್ಲ. ಅಭಿಪ್ರಾಯ ಮಾತ್ರ ಇತ್ತು.

ಸಮಸ್ಯೆ

ಮೊದಲ ಕರಡು ಬಂದಾಗ ಗುಂಪು ಎರಡು ಹೋಳಾಗಿತ್ತು. ಮೂವರ ಪ್ರಕಾರ ವಾಷಿಂಗ್ಟನ್ ತಪ್ಪೇ ಮಾಡದ ಮನುಷ್ಯ. ಬ್ರಿಟನ್ ವಿರುದ್ಧ ಸ್ವಾತಂತ್ರ್ಯ ಯುದ್ಧ ಗೆದ್ದ, 1783ರ ಡಿಸೆಂಬರ್ 23ರಂದು ಅನ್ನಾಪೊಲಿಸ್‌ನಲ್ಲಿ ಸೇನಾಪತಿ ಪದವಿಯನ್ನು ವಾಪಸ್ ಕೊಟ್ಟು ಮನೆಗೆ ಹೋದ, ಎರಡು ಅವಧಿ ಅಧ್ಯಕ್ಷನಾಗಿದ್ದು ತಾನಾಗಿಯೇ ಇಳಿದ, ಸಾಯುವಾಗ ‘ತನ್ನ ಎಲ್ಲ ಗುಲಾಮರನ್ನೂ ಬಿಡುಗಡೆ ಮಾಡಿದ’. ಇನ್ನಿಬ್ಬರ ಪ್ರಕಾರ ಅವನು ಗುಲಾಮರ ಒಡೆಯ, ಅಷ್ಟೇ. ‘ಗುಲಾಮರ ಹಲ್ಲು ಕಿತ್ತು ತನ್ನ ಬಾಯಿಗೆ ಕೂರಿಸಿಕೊಂಡ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಎರಡೂ ಕಡೆಯವರ ಕರಡಿನಲ್ಲಿ ಒಂದೇ ಒಂದು ಮೂಲ ದಾಖಲೆ ಇರಲಿಲ್ಲ. ಅದೇ ಅಸಲಿ ಸಮಸ್ಯೆ. ಒಂದು ವೆಬ್‌ಸೈಟ್ ಇನ್ನೊಂದರಿಂದ ಎತ್ತಿಕೊಂಡದ್ದನ್ನು ಇವರು ಮೂರನೆಯದರಿಂದ ಎತ್ತಿಕೊಂಡಿದ್ದರು. ದೇವರು ಮತ್ತು ಬೈಬಲ್ ಇಲ್ಲದೆ ಜಗತ್ತನ್ನು ಸರಿಯಾಗಿ ಆಳಲು ಆಗದು ಅನ್ನುವ ಅರ್ಥದ ಒಂದು ಮಾತು ವಾಷಿಂಗ್ಟನ್ ಹೆಸರಲ್ಲಿ ಓಡಾಡುತ್ತದೆ. ಅದೂ ಒಂದು ಕರಡಿನಲ್ಲಿತ್ತು. ಅವನು ಆ ಮಾತು ಹೇಳಿದ್ದಕ್ಕೆ ಆಧಾರ ಇಲ್ಲ. ಮೌಂಟ್ ವರ್ನನ್‌ನವರೇ ಸುಳ್ಳು ಉಲ್ಲೇಖಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ಹುಡುಗ ಅದನ್ನು ಹಾಕಿದ್ದು ಮೋಸ ಮಾಡಬೇಕು ಅಂತಲ್ಲ. ಎಲ್ಲ ಕಡೆ ಕಂಡಿತು, ಹಾಕಿಬಿಟ್ಟ.

ಮೊದಲು ಮಾಡಿ ನೋಡಿದ್ದು

ಮೇಷ್ಟ್ರು ಮೊದಲು ಚರ್ಚಾಸ್ಪರ್ಧೆ ಇಟ್ಟರು. ಎರಡೂ ಕಡೆಯವರು ಎದುರುಬದುರು ಕೂತು ವಾದ ಮಾಡಲಿ, ತಮ್ಮ ವಾದದ ತೂತು ತಾವೇ ನೋಡಲಿ ಅನ್ನುವ ಲೆಕ್ಕ. ತರಗತಿಗೆ ಒಳ್ಳೆ ಕಳೆ ಬಂತು. ಆದರೆ ಚರ್ಚೆ ಮುಗಿದ ಮೇಲೆ ಪ್ರತಿಯೊಬ್ಬರೂ ಮೊದಲಿಗಿಂತ ಗಟ್ಟಿಯಾಗಿ ತಮ್ಮ ಮಾತನ್ನೇ ಹಿಡಿದುಕೊಂಡಿದ್ದರು. ಗೆಲ್ಲಬೇಕು ಅಂತ ಕೂತವರು ಎದುರಿನವರ ಮಾತು ಕೇಳುವುದು ಉತ್ತರ ಕೊಡುವುದಕ್ಕಷ್ಟೇ. ಹೊಸ ಮಾಹಿತಿ ಒಂದೂ ಬರಲಿಲ್ಲ.

ಆಮೇಲೆ ಒಂದು ನಿಯಮ ಬಂತು: ಪ್ರತಿಯೊಬ್ಬರೂ ಮೂರು ಮೂಲ ದಾಖಲೆ ಬಳಸಲೇಬೇಕು. ಇದು ಎಲ್ಲ ಶಾಲೆಗಳಲ್ಲೂ ಇರುವ ನಿಯಮ. ಮಕ್ಕಳು ಅದನ್ನು ಪಾಲಿಸುವ ರೀತಿಯೂ ಎಲ್ಲ ಕಡೆ ಒಂದೇ. ತೀರ್ಪು ಮೊದಲೇ ಬರೆದಾಗಿರುತ್ತದೆ, ಅದಕ್ಕೆ ಹೊಂದುವ ಸಾಲು ಹುಡುಕಿ ಅಂಟಿಸುತ್ತಾರೆ. ವಾಷಿಂಗ್ಟನ್ ಪರ ಇದ್ದ ಹುಡುಗನಿಗೆ ಒಂದು ಚಿನ್ನದಂಥ ಸಾಲು ಸಿಕ್ಕಿತು. ಗುಲಾಮಗಿರಿ ಕೊನೆಗೊಳಿಸುವ ಒಂದು ಯೋಜನೆ ಜಾರಿಗೆ ಬರಲಿ ಅಂತ ನನಗಿಂತ ಪ್ರಾಮಾಣಿಕವಾಗಿ ಬಯಸುವ ಮನುಷ್ಯ ಬದುಕಿರುವವರಲ್ಲಿ ಇನ್ನೊಬ್ಬನಿಲ್ಲ, ಅಂತ ವಾಷಿಂಗ್ಟನ್ ಬರೆದಿದ್ದಾನೆ. ಫಿಲಡೆಲ್ಫಿಯಾದ ವ್ಯಾಪಾರಿ ರಾಬರ್ಟ್ ಮೋರಿಸ್‌ಗೆ ಬರೆದ ಕಾಗದ, 1786ರ ಏಪ್ರಿಲ್ 12ರದು. ಇದು ಸುಳ್ಳು ಉಲ್ಲೇಖ ಅಲ್ಲ, ಅಪ್ಪಟ ನಿಜ. ಹುಡುಗ ಅದನ್ನು ಫಲಕದ ನಡುಮಧ್ಯೆ ಹಾಕುತ್ತೇನೆ ಅಂದ.

ಕಾಗದ ಪೂರ್ತಿ ಓದಿದ್ದೀಯಾ ಅಂತ ಕೇಳಿದೆ. ಇಲ್ಲ.

ತಿರುವು

ನಾನೂ ಮೇಷ್ಟ್ರೂ ಕೂತು ಮಾತಾಡಿದ್ದು ಆಗ. ಕರಡು ಬರೆಯುವುದನ್ನು ಪೂರ್ತಿ ನಿಲ್ಲಿಸೋಣ, ಒಬ್ಬೊಬ್ಬರಿಗೆ ಒಂದೊಂದೇ ದಾಖಲೆ ಕೊಡೋಣ, ಮೊದಲಿಂದ ಕೊನೆವರೆಗೆ ಜೋರಾಗಿ ಓದಲಿ, ಅಭಿಪ್ರಾಯ ಹೇಳುವುದು ಸದ್ಯಕ್ಕೆ ಬೇಡ ಅಂತ ನಾನು ಕೇಳಿಕೊಂಡೆ. ಮೇಷ್ಟ್ರಿಗೆ ಸಮಯದ ಚಿಂತೆ. ವರ್ಷದ ಕೊನೆಗೆ ರಾಜ್ಯದ ಪರೀಕ್ಷೆ ಇದೆ, ಪಾಠ ಇನ್ನೂ ಇಪ್ಪತ್ತನೇ ಶತಮಾನದ ತನಕ ಹೋಗಬೇಕು, ಒಂದು ಕಾಗದಕ್ಕೆ ಒಂದು ವಾರ ಕೊಟ್ಟರೆ ಹೇಗೆ? ಅವರ ಮಾತು ನ್ಯಾಯವಾದದ್ದೇ. ಕೊನೆಗೆ ಒಪ್ಪಂದ ಆಯಿತು: ಈ ಗುಂಪು ತರಗತಿ ಸಮಯ ಬಿಟ್ಟು ಲೈಬ್ರರಿ ಸಮಯದಲ್ಲಿ ಓದುವುದು, ಪ್ರಬಂಧದ ಉದ್ದ ಕಡಿಮೆ ಮಾಡುವುದು.

ಐದು ದಾಖಲೆ ಆರಿಸಿದೆವು. 1786ರ ಆ ಕಾಗದ ಅದೇ ಹುಡುಗನಿಗೆ. 1796ರ ಒಂದು ಪತ್ರಿಕಾ ಜಾಹೀರಾತು ಒಬ್ಬ ಹುಡುಗಿಗೆ. ವಾಷಿಂಗ್ಟನ್ ಉಯಿಲು ಮತ್ತು ಅದರ ಜೊತೆಗಿನ ಗುಲಾಮರ ಪಟ್ಟಿ, ‘ಎಲ್ಲರನ್ನೂ ಬಿಡುಗಡೆ ಮಾಡಿದ’ ಅಂತ ಬರೆದಿದ್ದ ಹುಡುಗಿಗೆ. 1784ರ ಲೆಕ್ಕದ ಪುಸ್ತಕದ ಒಂದು ಸಾಲು, ಹಲ್ಲಿನ ವಿಷಯ ಬರೆದಿದ್ದ ಹುಡುಗನಿಗೆ. ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರ ನಾಯಕ ಕಾರ್ನ್‌ಪ್ಲಾಂಟರ್ ಮತ್ತು ಸಂಗಡಿಗರು 1790ರ ಡಿಸೆಂಬರ್ 1ರಂದು ವಾಷಿಂಗ್ಟನ್‌ಗೆ ಹೇಳಿದ ಮಾತು, ಐದನೆಯವಳಿಗೆ. ಅವಳು ಕನ್ನಡದ ಮನೆಯ ಹುಡುಗಿ.

ಕಾಗದಪತ್ರ ಹುಡುಕುವುದು ಈಗ ಕಷ್ಟವಿಲ್ಲ. ಅಮೆರಿಕದ ರಾಷ್ಟ್ರೀಯ ದಾಖಲೆ ಇಲಾಖೆ 2013ರಲ್ಲಿ ಫೌಂಡರ್ಸ್ ಆನ್‌ಲೈನ್ ಅನ್ನುವ ತಾಣ ತೆರೆಯಿತು. ವಾಷಿಂಗ್ಟನ್, ಜೆಫರ್ಸನ್, ಆಡಮ್ಸ್, ಫ್ರಾಂಕ್ಲಿನ್, ಹ್ಯಾಮಿಲ್ಟನ್, ಮ್ಯಾಡಿಸನ್ ಇವರ ಕಾಗದಗಳೆಲ್ಲ ಅಲ್ಲಿ ಪುಕ್ಕಟೆ ಸಿಗುತ್ತವೆ, ಅಡಿಟಿಪ್ಪಣಿ ಸಮೇತ. ಕಷ್ಟ ಇರುವುದು ಓದುವುದರಲ್ಲಿ. ಹದಿನೆಂಟನೇ ಶತಮಾನದ ಇಂಗ್ಲಿಷ್ ಇಲ್ಲೇ ಹುಟ್ಟಿದ ಮಕ್ಕಳಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೊಂದು ವಾಕ್ಯ ಅರ್ಧ ಪುಟ. ಅದಕ್ಕೇ ಜೋರಾಗಿ ಓದಿಸಿದ್ದು.

1786ರ ಕಾಗದವನ್ನು ಹುಡುಗ ಓದುತ್ತಾ ಹೋದ. ಮೊದಲೆರಡು ಸಾಲಿಗೇ ಅವನ ಮುಖ ಬದಲಾಯಿತು. ವಾಷಿಂಗ್ಟನ್ ಆ ಕಾಗದ ಬರೆದದ್ದು ಗುಲಾಮಗಿರಿ ಕೊನೆಯಾಗಲಿ ಅಂತ ಹೇಳುವುದಕ್ಕಲ್ಲ. ಅಲೆಕ್ಸಾಂಡ್ರಿಯಾದ ಡಾಲ್ಬಿ ಅನ್ನುವವನ ಒಬ್ಬ ಗುಲಾಮನನ್ನು ಬಿಡಿಸಲು ಫಿಲಡೆಲ್ಫಿಯಾದ ಕ್ವೇಕರ್‌ಗಳ (ಗುಲಾಮಗಿರಿ ವಿರೋಧಿಸುತ್ತಿದ್ದ ಕ್ರೈಸ್ತ ಪಂಗಡ) ಸಂಘ ಕೋರ್ಟಿಗೆ ಹೋಗಿದೆ, ಹೀಗೆ ಮಾಡಿದರೆ ಗುಲಾಮರಿರುವವರು ಆ ಊರಿಗೆ ಹೋಗುವುದು ಹೇಗೆ ಅಂತ ದೂರು ಹೇಳುವುದಕ್ಕೆ. ದೂರಿನ ಮಧ್ಯದಲ್ಲಿ ಬರುತ್ತದೆ ಆ ಚಿನ್ನದ ಸಾಲು. ಅದರ ಹಿಂದೆಯೇ ಇನ್ನೊಂದು ಮಾತು: ಇದು ಆಗಬೇಕಾದದ್ದು ಶಾಸನಸಭೆಯಿಂದ, ಕಾನೂನಿನ ದಾರಿಯಲ್ಲಿ ಮಾತ್ರ.

‘ಹಾಗಾದರೆ ಸುಳ್ಳು ಹೇಳಿದನಾ?’ ಅಂತ ಹುಡುಗ ಕೇಳಿದ. ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೇಷ್ಟ್ರೂ ಕೊಡಲಿಲ್ಲ. ‘ಅವನು ಆ ಸಾಲನ್ನು ಯಾರಿಗೆ ಹೇಳಿದ, ಯಾವ ಕೆಲಸ ಆಗಲಿ ಅಂತ ಹೇಳಿದ, ಅದನ್ನು ಮೊದಲು ಬರಿ’ ಅಂದರು. ಹುಡುಗನಿಗೆ ಬೇಜಾರಾಯಿತು. ಆದರೆ ಸಾಲನ್ನು ಕೈಬಿಡಲಿಲ್ಲ, ಅದರ ಸುತ್ತಲಿನದನ್ನೂ ಸೇರಿಸಿಕೊಂಡ.

ಓನಾ ಜಡ್ಜ್ ಜಾಹೀರಾತು

ಜಾಹೀರಾತು ಚಿಕ್ಕದು, ಓಡಿಹೋದ ಒಬ್ಬ ಗುಲಾಮ ಹುಡುಗಿಯನ್ನು ಹುಡುಕಲು ಕೊಟ್ಟದ್ದು. 1796ರ ಮೇ 23ರ ತಾರೀಖು, ಫಿಲಡೆಲ್ಫಿಯಾದ ಪತ್ರಿಕೆಯದು. ಕೆಳಗೆ ಅಧ್ಯಕ್ಷರ ಮನೆಯ ಮೇಲ್ವಿಚಾರಕ ಫ್ರೆಡರಿಕ್ ಕಿಟ್ ಹೆಸರು. ಅಮೆರಿಕ ಅಧ್ಯಕ್ಷರ ಮನೆಯಿಂದ ಓನಿ (ಓನಾ) ಜಡ್ಜ್ ಅನ್ನುವ ಹುಡುಗಿ ಓಡಿಹೋಗಿದ್ದಾಳೆ, ಮುಖದ ತುಂಬ ಸಣ್ಣ ಮಚ್ಚೆ, ಕಡು ಕಪ್ಪು ಕಣ್ಣು, ಪೊದೆಯಂಥ ಕಪ್ಪು ಕೂದಲು, ತೆಳ್ಳಗಿನ ಮೈ, ಸುಮಾರು 20 ವರ್ಷ. ಒಳ್ಳೊಳ್ಳೆ ಬಟ್ಟೆ ಬಹಳ ಇವೆ. ಹಿಡಿದು ತಂದವರಿಗೆ 10 ಡಾಲರ್. ಇವಳು ಹೋಗುತ್ತಾಳೆ ಅನ್ನುವ ಅನುಮಾನ ಇರಲಿಲ್ಲ, ಹೋಗುವುದಕ್ಕೆ ಯಾವ ಕಾರಣವೂ ಇರಲಿಲ್ಲ, ಆದ್ದರಿಂದ ಎಲ್ಲಿಗೆ ಹೋಗಿದ್ದಾಳೆ ಅಂತ ಊಹಿಸುವುದು ಕಷ್ಟ.

ಹುಡುಗಿ ಆ ಕೊನೆಯ ಮಾತಿನ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. ಕಾರಣ ಇರಲಿಲ್ಲ ಅಂತ ಹೇಳುತ್ತಿರುವವರು ಯಾರು? ಅವಳ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ವರ್ಜೀನಿಯಾದಿಂದ ಯಾಕೆ ಓಡಲಿಲ್ಲ, ಫಿಲಡೆಲ್ಫಿಯಾದಿಂದ ಯಾಕೆ ಓಡಿದಳು?

ಆ ಪ್ರಶ್ನೆ ಹಿಡಿದು ಹೋದವಳಿಗೆ ಪೆನ್ಸಿಲ್ವೇನಿಯಾದ 1780ರ ಕಾನೂನು ಸಿಕ್ಕಿತು. ಹೊರಗಿನವರು ತಂದ ಗುಲಾಮರು ಆ ರಾಜ್ಯದಲ್ಲಿ ಆರು ತಿಂಗಳು ಇದ್ದರೆ ಬಿಡುಗಡೆ ಕೇಳಬಹುದಿತ್ತು. ಆಗ ರಾಜಧಾನಿ ಫಿಲಡೆಲ್ಫಿಯಾ. ಅಧ್ಯಕ್ಷನ ಮನೆಯಲ್ಲಿ ಮೌಂಟ್ ವರ್ನನ್‌ನಿಂದ ಬಂದ ಗುಲಾಮರು ಕೆಲಸಕ್ಕಿದ್ದರು. ಅಲ್ಲಿಂದ ಅವಳು ಇನ್ನೊಂದು ಕಾಗದಕ್ಕೆ ಹೋದಳು. ವಾಷಿಂಗ್ಟನ್ ತನ್ನ ಕಾರ್ಯದರ್ಶಿ ಟೋಬಿಯಾಸ್ ಲಿಯರ್‌ಗೆ ರಿಚ್‌ಮಂಡ್‌ನಿಂದ ಬರೆದದ್ದು. ಆರು ತಿಂಗಳು ತುಂಬುವ ಮುಂಚೆ ಅವರನ್ನು ವರ್ಜೀನಿಯಾಕ್ಕೆ ವಾಪಸ್ ಕಳಿಸಬೇಕು, ಅವರಿಗೂ ಜನರಿಗೂ ನಿಜ ತಿಳಿಯದ ಹಾಗೆ ಏನಾದರೂ ನೆಪ ಹೇಳಿ ಮಾಡಬೇಕು, ಅಂತ ಅದರಲ್ಲಿದೆ.

ಲೈಬ್ರರಿಯ ಗೋಡೆ ಮೇಲೆ ಉದ್ದಕ್ಕೆ ಒಂದು ಕಾಗದ ಅಂಟಿಸಿದ್ದೆವು. ಯಾರಿಗೆ ಯಾವ ದಾಖಲೆ ಸಿಕ್ಕಿದರೂ ಒಂದು ಕಾರ್ಡಿನ ಮೇಲೆ ತಾರೀಖು ಬರೆದು ಅದರ ಜಾಗದಲ್ಲಿ ಹಚ್ಚಬೇಕು. ಹುಡುಗಿ ಲಿಯರ್ ಕಾಗದದ ಕಾರ್ಡು ಹಚ್ಚಿದಳು: 1791, ಏಪ್ರಿಲ್ 12. ಎಡಗಡೆ ಹುಡುಗನ ಕಾರ್ಡು ಇತ್ತು: 1786, ಏಪ್ರಿಲ್ 12. ಸರಿಯಾಗಿ ಐದು ವರ್ಷ.

ತಾರೀಖು ಒಂದೇ ಆದದ್ದು ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬಾರದು. ಆದರೆ ಆ ಕಾಕತಾಳೀಯದಿಂದ ಎರಡು ಬಣಗಳೂ ಮೊದಲ ಸಲ ಒಂದೇ ಜಾಗದಲ್ಲಿ ನಿಂತು ಒಂದೇ ವಸ್ತುವನ್ನು ನೋಡಿದವು. ಎರಡೂ ಕಾಗದ ಒಂದೇ ಕೈ ಬರೆದದ್ದು. ಎರಡರಲ್ಲೂ ಫಿಲಡೆಲ್ಫಿಯಾ ಇದೆ, ಎರಡರಲ್ಲೂ ಗುಲಾಮರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಕಳೆದುಕೊಳ್ಳುವ ಭಯ ಇದೆ. 1786ರದನ್ನು ಬಿಟ್ಟು 1791ರದನ್ನು ಓದಿದರೆ ಒಬ್ಬ ಮನುಷ್ಯ ಕಾಣುತ್ತಾನೆ, ಉಲ್ಟಾ ಮಾಡಿದರೆ ಇನ್ನೊಬ್ಬ. ಪಕ್ಕಪಕ್ಕ ಇಟ್ಟಾಗ ಕಾಣುವವನ ಬಗ್ಗೆ ಯಾರ ಹತ್ತಿರವೂ ರೆಡಿ ವಾಕ್ಯ ಇರಲಿಲ್ಲ. ಆ ದಿನ ಗೋಡೆ ಮುಂದೆ ನಡೆದ ಮಾತು ಹಿಂದಿನ ಚರ್ಚಾಸ್ಪರ್ಧೆಗಿಂತ ಎಷ್ಟೋ ಗಟ್ಟಿಯಾಗಿತ್ತು. ಯಾರೂ ಗೆಲ್ಲಬೇಕಾಗಿರಲಿಲ್ಲ ಅಲ್ವಾ.

ಇದಾದ ಮೇಲೆ ಒಂದು ನಾಜೂಕಿನ ಘಟ್ಟ ಬಂತು. ಓನಾ ಜಡ್ಜ್ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಸೇರಿದಳು, ಮದುವೆಯಾದಳು, 1848ರಲ್ಲಿ ತೀರಿಕೊಂಡಳು. 1845ರಲ್ಲಿ ಒಂದು ಪತ್ರಿಕೆಗೆ ತನ್ನ ಕಥೆ ಹೇಳಿದಳು. ಅವರು ವರ್ಜೀನಿಯಾಕ್ಕೆ ಹೋಗಲು ಸಾಮಾನು ಕಟ್ಟುತ್ತಿದ್ದಾಗ ನಾನೂ ಕಟ್ಟುತ್ತಿದ್ದೆ, ಎಲ್ಲಿಗೆ ಅಂತ ಗೊತ್ತಿರಲಿಲ್ಲ, ವರ್ಜೀನಿಯಾಕ್ಕೆ ವಾಪಸ್ ಹೋದರೆ ಬಿಡುಗಡೆ ಯಾವತ್ತೂ ಸಿಗದು ಅಂತ ಗೊತ್ತಿತ್ತು, ಅನ್ನುತ್ತಾಳೆ. ಹುಡುಗಿಗೆ ಈ ಸಂದರ್ಶನ ಪ್ರಾಣ. ಮೇಷ್ಟ್ರು ಕೇಳಿದರು: ಘಟನೆ ನಡೆದು 49 ವರ್ಷ ಆದ ಮೇಲೆ ಹೇಳಿದ್ದು, ಬರೆದುಕೊಂಡವನು ಗುಲಾಮಗಿರಿ ವಿರೋಧಿ ಪಾದ್ರಿ, ಅಚ್ಚಾದದ್ದು ಅದೇ ಪಕ್ಷದ ಪತ್ರಿಕೆಯಲ್ಲಿ. ಕಿಟ್‌ಗೆ ಕೇಳಿದ ಪ್ರಶ್ನೆ ಇವರಿಗೆ ಯಾಕೆ ಕೇಳುತ್ತಿಲ್ಲ?

ಹುಡುಗಿ ಕಣ್ಣಲ್ಲಿ ನೀರು ಬಂತು. ಓನಾ ಮಾತನ್ನು ಇನ್ನೊಮ್ಮೆ ನಂಬದೆ ಇರುವುದಾ ಅಂತ ಅವಳ ಸಂಕಟ. ನನಗೆ ಆ ಸಂಕಟ ಅರ್ಥವಾಗುತ್ತಿತ್ತು. ಆದರೂ ಮೇಷ್ಟ್ರು ಸರಿ. ನಮಗೆ ಇಷ್ಟವಾದ ದಾಖಲೆಯನ್ನು ಇಷ್ಟವಿಲ್ಲದ್ದರಷ್ಟೇ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುವುದು ಓನಾಗೆ ಮಾಡುವ ಅನ್ಯಾಯ ಅಲ್ಲ. ಹಾಗೆ ಮಾಡಿದ್ದರಿಂದಲೇ ಹುಡುಗಿಗೆ ಒಂದು ಸಂಪತ್ತು ಸಿಕ್ಕಿತು. 1796ರ ಸೆಪ್ಟೆಂಬರ್ 1ರಂದು ವಾಷಿಂಗ್ಟನ್ ತನ್ನ ಖಜಾನೆ ಮಂತ್ರಿ ಆಲಿವರ್ ವಾಲ್ಕಾಟ್‌ಗೆ ಬರೆದು, ಅವಳನ್ನು ಹಿಡಿದು ಹಡಗಿಗೆ ಹತ್ತಿಸಲು ಪೋರ್ಟ್ಸ್‌ಮತ್‌ನ ಸುಂಕದ ಅಧಿಕಾರಿಗೆ ಹೇಳಿಸುತ್ತಾನೆ. ಆ ಅಧಿಕಾರಿ ಜೋಸೆಫ್ ವಿಪಲ್ ಅವಳನ್ನು ಕಂಡು ಮಾತಾಡಿ, ಅಕ್ಟೋಬರ್‌ನಲ್ಲಿ ಉತ್ತರ ಬರೆದ: ಇವಳನ್ನು ಯಾರೂ ಪುಸಲಾಯಿಸಿಲ್ಲ, ಪೂರ್ತಿ ಸ್ವಾತಂತ್ರ್ಯದ ಬಾಯಾರಿಕೆ ಒಂದೇ ಕಾರಣ. ಸರ್ಕಾರಿ ನೌಕರ, ವಾಷಿಂಗ್ಟನ್ ಕಡೆಯವನು, ಅದೇ ವರ್ಷ ಬರೆದ ಮಾತು ಇದು. 49 ವರ್ಷದ ನಂತರದ ಮುದುಕಿಯ ಮಾತಿಗೂ ಇದಕ್ಕೂ ತಾಳೆಯಾಗುತ್ತದೆ. ಹುಡುಗಿ ಎರಡನ್ನೂ ಒಂದರ ಕೆಳಗೊಂದು ಬರೆದು ತಂದಾಗ ಅವಳಿಗಿಂತ ಮೇಷ್ಟ್ರಿಗೇ ಜಾಸ್ತಿ ಖುಷಿ.

ಅದೇ 1796ರ ಸೆಪ್ಟೆಂಬರ್ 19ರಂದು ವಾಷಿಂಗ್ಟನ್‌ನ ಪ್ರಸಿದ್ಧ ವಿದಾಯದ ಸಂದೇಶ ಪತ್ರಿಕೆಯಲ್ಲಿ ಬಂತು. ಎರಡು ಕಾರ್ಡುಗಳೂ ಗೋಡೆ ಮೇಲೆ ಅಂಟಿಕೊಂಡೇ ಕೂತವು.

ಉಯಿಲು, ಹಲ್ಲು

ಉಯಿಲಿನ ಕೆಲಸ ಲೆಕ್ಕದ ಕೆಲಸ. 1799ರ ಜುಲೈನಲ್ಲಿ ವಾಷಿಂಗ್ಟನ್ ಬರೆದ ಉಯಿಲಿನಲ್ಲಿ, ತನ್ನ ಸ್ವಂತ ಗುಲಾಮರಿಗೆ ಹೆಂಡತಿ ಮಾರ್ಥಾ ಸತ್ತ ಮೇಲೆ ಬಿಡುಗಡೆ ಅಂತ ಇದೆ. ತಕ್ಷಣ ಬಿಡುಗಡೆ ಸಿಕ್ಕಿದ್ದು ಯುದ್ಧದಲ್ಲಿ ಜೊತೆಗಿದ್ದ ವಿಲಿಯಂ ಲೀ ಒಬ್ಬನಿಗೆ, ವರ್ಷಕ್ಕೆ 30 ಡಾಲರ್ ಸಮೇತ. ಆ ವರ್ಷ ಮೌಂಟ್ ವರ್ನನ್‌ನಲ್ಲಿದ್ದ ಗುಲಾಮರು 317. ಅವರಲ್ಲಿ ವಾಷಿಂಗ್ಟನ್‌ಗೆ ಸೇರಿದವರು 123. 153 ಜನ ಮಾರ್ಥಾಳ ಮೊದಲ ಗಂಡ ಕಸ್ಟಿಸ್ ಆಸ್ತಿಗೆ ಸೇರಿದವರು, ಅವರನ್ನು ಬಿಡಿಸುವ ಅಧಿಕಾರ ಕಾನೂನಿನಲ್ಲಿ ಗಂಡನಿಗೂ ಇಲ್ಲ, ಹೆಂಡತಿಗೂ ಇಲ್ಲ. 41 ಜನ ಬೇರೆಯವರಿಂದ ಬಾಡಿಗೆಗೆ ಬಂದವರು. ‘ಎಲ್ಲರನ್ನೂ ಬಿಡುಗಡೆ ಮಾಡಿದ’ ಅಂತ ಬರೆದಿದ್ದ ಹುಡುಗಿ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಎರಡು ಸಲ ಕೂಡಿದಳು. ಆಮೇಲೆ ಪಟ್ಟಿಯಲ್ಲಿ ಗಂಡ ಒಂದು ಕಾಲಂ, ಹೆಂಡತಿ ಮಕ್ಕಳು ಇನ್ನೊಂದು ಕಾಲಂ ಇರುವ ಮನೆಗಳನ್ನು ಗುರುತು ಮಾಡತೊಡಗಿದಳು. 1801ರ ಜನವರಿ 1ರಂದು ಮಾರ್ಥಾ ಗಂಡನ ಉಳಿದ ಗುಲಾಮರ ಬಿಡುಗಡೆಯನ್ನು ತನ್ನ ಸಾವಿಗೆ ಕಾಯದೆ ಮಾಡಿದಳು. ಆ ದಿನ ಅಪ್ಪ ಸ್ವತಂತ್ರ, ಅಮ್ಮ ಮಕ್ಕಳು ಗುಲಾಮರು ಅನ್ನುವ ಮನೆಗಳು ಇದ್ದವು. ಓನಾ ಜಡ್ಜ್ ಕೂಡ ಕಸ್ಟಿಸ್ ಪಾಲಿನವಳೇ. ಅವಳು ಓಡದೆ ಉಳಿದಿದ್ದರೂ ಈ ಉಯಿಲು ಅವಳಿಗೆ ಏನನ್ನೂ ಕೊಡುತ್ತಿರಲಿಲ್ಲ. ಈ ಸಂಬಂಧ ಕಂಡುಹಿಡಿದದ್ದು ಇಬ್ಬರು ಹುಡುಗಿಯರು ಸೇರಿ, ನಾವಲ್ಲ.

ಹಲ್ಲಿನ ಹುಡುಗನಿಗೆ ಸಿಕ್ಕಿದ್ದು 1784ರ ಮೇ ತಿಂಗಳ ಒಂದು ಲೆಕ್ಕದ ಸಾಲು. ಒಬ್ಬ ದಂತವೈದ್ಯನ ಬಾಬ್ತು, 9 ಹಲ್ಲಿಗೆ ‘ನೀಗ್ರೋ’ಗಳಿಗೆ 6 ಪೌಂಡ್ 2 ಶಿಲಿಂಗ್ ಕೊಟ್ಟಿದೆ. ಅಷ್ಟೇ. ಆ ಹಲ್ಲು ವಾಷಿಂಗ್ಟನ್ ಬಾಯಿಗೇ ಹೋಯಿತಾ? ಸಾಲಿನಲ್ಲಿ ಇಲ್ಲ. ಬೇಡ ಅನ್ನುವ ಅವಕಾಶ ಅವರಿಗಿತ್ತಾ? ಸಾಲಿನಲ್ಲಿ ಇಲ್ಲ, ಆದರೆ ಗುಲಾಮನಾಗಿದ್ದವನಿಗೆ ಒಪ್ಪಿಗೆ ಅನ್ನುವುದು ಎಷ್ಟರ ಮಟ್ಟಿಗೆ ಇರಲು ಸಾಧ್ಯ ಅಂತ ಹುಡುಗನೇ ಕೇಳಿದ. ಅವನು ಕೊನೆಗೆ ಬರೆದದ್ದು ನಾಲ್ಕೇ ವಾಕ್ಯ. ದಾಖಲೆ ಹೇಳುವುದು ಇಷ್ಟು, ಹೇಳದೆ ಇರುವುದು ಇಷ್ಟು, ನಾನು ಊಹಿಸುವುದು ಇಷ್ಟು. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು.

ಮನೆಯಿಂದ ಬಂದ ಫೋನು

ಕನ್ನಡದ ಹುಡುಗಿಯ ತಾಯಿ ಫೋನ್ ಮಾಡಿದರು. ‘ನಾವು ಇನ್ನೂ ಗ್ರೀನ್ ಕಾರ್ಡಿಗೆ ಕಾಯ್ತಾ ಇದೀವಿ. ಈ ದೇಶ ಕಟ್ಟಿದೋರ ಬಗ್ಗೆ ನಮ್ಮ ಮಗಳು ಯಾಕೆ ಹೀಗೆಲ್ಲ ಬರೀಬೇಕು? ಸುಮ್ನೆ ಬೇರೆ ವಿಷಯ ಕೊಡಿ.’ ಈ ಮಾತನ್ನು ಹಗುರವಾಗಿ ತಗೊಳ್ಳಬಾರದು. ಇಲ್ಲಿ ನೆಲೆ ಸಿಗದ ಎಷ್ಟೋ ಮನೆಗಳಲ್ಲಿ ಈ ಭಯ ಇದೆ, ಅದಕ್ಕೆ ಕಾರಣವೂ ಇದೆ.

ಹುಡುಗಿಯ ಕೈಲಿದ್ದದ್ದು ಕಾರ್ನ್‌ಪ್ಲಾಂಟರ್ ಮಾತು. 1779ರಲ್ಲಿ ವಾಷಿಂಗ್ಟನ್ ಅಪ್ಪಣೆಯಂತೆ ಜನರಲ್ ಸಲ್ಲಿವನ್ ಸೈನ್ಯ ಸೆನೆಕಾದವರೂ ಸೇರಿದ್ದ ಇರೊಕ್ವಾ ಒಕ್ಕೂಟದ ಊರುಗಳನ್ನು, ಹೊಲಗಳನ್ನು ಸುಟ್ಟುಹಾಕಿತು. ಹನ್ನೊಂದು ವರ್ಷದ ಮೇಲೆ ಸೆನೆಕಾ ನಾಯಕರು ಅಧ್ಯಕ್ಷನಾಗಿದ್ದ ಅವನಿಗೇ ಹೇಳಿದರು: ನಿಮ್ಮನ್ನು ನಾವು ಊರು ನಾಶ ಮಾಡುವವನು ಅಂತ ಕರೆದೆವು, ಇವತ್ತಿಗೂ ನಿಮ್ಮ ಹೆಸರು ಕೇಳಿದರೆ ನಮ್ಮ ಹೆಂಗಸರು ಹಿಂದೆ ತಿರುಗಿ ನೋಡಿ ಬಿಳಿಚಿಕೊಳ್ಳುತ್ತಾರೆ, ಮಕ್ಕಳು ತಾಯಂದಿರ ಕೊರಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ.

ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳು ಅಂತ ಹುಡುಗಿಗೆ ಹೇಳಿದೆ. ತಾಯಿಗೆ ನಾನು ಹೇಳಿದ್ದು ಎರಡೇ ಮಾತು. ಈ ಮಾತನ್ನು ಬಚ್ಚಿಟ್ಟಿಲ್ಲ, ಅಮೆರಿಕ ಸರ್ಕಾರವೇ ತನ್ನ ದಾಖಲೆ ತಾಣದಲ್ಲಿ ಎಲ್ಲರೂ ಓದಲಿ ಅಂತ ಇಟ್ಟಿದೆ. ಆ ನಾಯಕರು ವಾಷಿಂಗ್ಟನ್‌ಗೆ ನೇರವಾಗಿ ಹೇಳಿದರು, ಅವನು ಡಿಸೆಂಬರ್ 29ರಂದು ಉತ್ತರವನ್ನೂ ಕೊಟ್ಟ, ನಿಮ್ಮ ನೆಲವನ್ನು ಕೇಂದ್ರ ಸರ್ಕಾರದ ಒಪ್ಪಂದವಿಲ್ಲದೆ ಯಾರೂ ಕೊಳ್ಳುವಂತಿಲ್ಲ ಅಂತ ಭರವಸೆ ಕೊಟ್ಟ. ತಾಯಿ ಮಗಳನ್ನು ಬೇರೆ ವಿಷಯಕ್ಕೆ ಹಾಕಿಸಲಿಲ್ಲ. ಪ್ರದರ್ಶನದ ದಿನ ಬಂದು ಫಲಕದ ಮುಂದೆ ಬಹಳ ಹೊತ್ತು ನಿಂತು ಓದಿದರು.

ಇನ್ನೊಂದು ಮನೆಯಿಂದ, ನೀವು ವಾಷಿಂಗ್ಟನ್ ಹೆಸರು ಕೆಡಿಸುತ್ತಿದ್ದೀರಿ ಅಂತಲೂ ಪತ್ರ ಬಂತು. ಮೇಷ್ಟ್ರು ಉಯಿಲಿನ ಪ್ರತಿ, 1786ರ ಕಾಗದದ ಪ್ರತಿ ಕಳಿಸಿ, ಮಕ್ಕಳು ಓದುತ್ತಿರುವುದು ಅವನದೇ ಬರಹ ಅಂತ ಬರೆದರು. ಅಲ್ಲಿಗೆ ಅದು ನಿಂತಿತು.

ಸತ್ತ ಮೇಲಿನ ಕಥೆ

ಇಷ್ಟೆಲ್ಲ ಆದರೂ ಒಂದು ಕೊರತೆ ಇತ್ತು. ಮಕ್ಕಳು ಅವನ ಬದುಕನ್ನು ಓದಿದ್ದರು, ಲೆಗಸಿಯನ್ನು ಇನ್ನೂ ಮುಟ್ಟಿರಲಿಲ್ಲ. ಲೆಗಸಿ ಅವನು ಸತ್ತ 1799ರ ಡಿಸೆಂಬರ್ 14ರಿಂದ ಶುರು. ಅದನ್ನು ಕಟ್ಟಿದವರು ಬೇರೆಯವರು, ಅವರಿಗೂ ಹೆಸರು ತಾರೀಖು ಇದೆ. ಗೋಡೆಯ ಕಾಗದವನ್ನು ಬಲಗಡೆಗೆ ಉದ್ದ ಮಾಡಿದೆವು. ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ನಿರ್ಧಾರ ಇದೇ ಅಂತ ನಾನು ನಂಬಿದ್ದೇನೆ.

ಚೆರ್ರಿ ಮರ ಕಡಿದು ಅಪ್ಪನಿಗೆ ನಿಜ ಹೇಳಿದ ಬಾಲಕ ವಾಷಿಂಗ್ಟನ್ ಕಥೆ ಪಾದ್ರಿ ವೀಮ್ಸ್ ಬರೆದ ಜೀವನಚರಿತ್ರೆಯ 1806ರ ಮುದ್ರಣದಲ್ಲಿ ಸೇರಿಕೊಂಡದ್ದು. 1853ರಲ್ಲಿ ದಕ್ಷಿಣ ಕೆರೊಲಿನಾದ ಆನ್ ಪಮೇಲಾ ಕನಿಂಗ್‌ಹ್ಯಾಮ್ ಹೆಂಗಸರ ಸಂಘ ಕಟ್ಟಿ, ಬೀಳುವ ಹಾಗಿದ್ದ ಮೌಂಟ್ ವರ್ನನ್ ಮನೆಯನ್ನು 1858ರಲ್ಲಿ 2 ಲಕ್ಷ ಡಾಲರ್‌ಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಳು. ಇವತ್ತಿಗೂ ಅದೇ ಸಂಘ ಅದನ್ನು ನಡೆಸುತ್ತಿದೆ.

ಅಲ್ಲಿಗೆ ಗುಂಪನ್ನು ಕರೆದುಕೊಂಡು ಹೋದೆವು. ಈ ಸಲ ಮನೆ ಒಳಗೆ ಹೆಚ್ಚು ಹೊತ್ತು ಇರಲಿಲ್ಲ. ಗೋರಿಯಿಂದ ಸ್ವಲ್ಪ ದೂರ, ಮರಗಳ ನಡುವೆ ಗುಲಾಮರನ್ನು ಹೂಳಿದ ಜಾಗ ಇದೆ. ಅಲ್ಲಿ 1929ರ ಒಂದು ಕಲ್ಲಿದೆ, ವಾಷಿಂಗ್ಟನ್ ಮನೆತನದ ನಂಬಿಕಸ್ತ ಆಳುಗಳ ನೆನಪಿಗೆ ಅಂತ. ಹತ್ತಿರದಲ್ಲೇ 1983ರ ಸ್ಮಾರಕ, ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿನ್ಯಾಸ ಮಾಡಿದ್ದು. ಅದರಲ್ಲಿ ಗುಲಾಮರು ಅಂತಲೇ ಇದೆ. ಪ್ರಾಥಮಿಕ ಶಾಲೆಯಲ್ಲಿ ಬಂದಾಗ ಈ ಕಲ್ಲುಗಳ ಪಕ್ಕದಲ್ಲೇ ಹೋಗಿರಬೇಕು, ಯಾರಿಗೂ ನೆನಪಿಲ್ಲ. 1786ರ ಕಾಗದದ ಹುಡುಗ ಎರಡೂ ತಾರೀಖು ಬರೆದುಕೊಂಡು, ನಡುವಿನ 54 ವರ್ಷದಲ್ಲಿ ಏನಾಯಿತು ಅಂತ ತನ್ನ ಪಾಲಿನ ಭಾಗವನ್ನೇ ಬದಲಾಯಿಸಿಕೊಂಡ. ಫಿಲಡೆಲ್ಫಿಯಾದಲ್ಲಿ ಅಧ್ಯಕ್ಷನ ಮನೆ ಇದ್ದ ಜಾಗದಲ್ಲಿ ಅಲ್ಲಿದ್ದ ಗುಲಾಮರ ಹೆಸರುಗಳ ಸಮೇತ ಪ್ರದರ್ಶನ ತೆರೆದದ್ದು 2010ರಲ್ಲಿ. ಅದು ಗೋಡೆಯ ಬಲತುದಿಯ ಕಾರ್ಡಾಯಿತು.

ಕೊನೆಗೆ ಆದದ್ದು

ಪ್ರಬಂಧದ ಪ್ರಶ್ನೆ ಬದಲಾಯಿತು: ಗುಲಾಮಗಿರಿ ಬಗ್ಗೆ ವಾಷಿಂಗ್ಟನ್ 1786ರಿಂದ 1799ರವರೆಗೆ ಬರೆದದ್ದು ಏನು, ಮಾಡಿದ್ದು ಏನು, ಅದರಲ್ಲಿ ಯಾವುದನ್ನು ಯಾರು ಯಾವಾಗ ನೆನಪಿಟ್ಟರು? ಐವರೂ ಒಂದೇ ತೀರ್ಮಾನಕ್ಕೆ ಬರಲಿಲ್ಲ. ಇಬ್ಬರು, ಉಯಿಲು ಆ ಕಾಲದ ಅವನ ಸ್ಥಾನದವರಲ್ಲಿ ದೊಡ್ಡ ಹೆಜ್ಜೆ ಅಂತ ಬರೆದರು. ಇಬ್ಬರು, ಬೇಕು ಅನ್ನಿಸಿದಾಗ ದಾರಿ ಹುಡುಕಲು ಗೊತ್ತಿದ್ದವನು 1791ರಲ್ಲಿ ಹುಡುಕಿದ್ದು ಬೇರೆ ದಾರಿ ಅಂತ ಬರೆದರು. ಮೇಷ್ಟ್ರು ಎರಡು ಮುಕ್ತಾಯಗಳನ್ನೂ ಉಳಿಸಲು ಬಿಟ್ಟರು. ಒಂದೇ ಧ್ವನಿ ಇಲ್ಲ ಅಂತ ಅಂಕ ಸ್ವಲ್ಪ ಕಡಿಮೆಯೂ ಆಯಿತು, ಮಕ್ಕಳು ಅದನ್ನು ಒಪ್ಪಿಕೊಂಡರು.

ಕಾರ್ನ್‌ಪ್ಲಾಂಟರ್ ಭಾಗ ಪ್ರಬಂಧದಲ್ಲಿ ಉಳಿಯಲಿಲ್ಲ. ಹೊಸ ಪ್ರಶ್ನೆಗೆ ಅದು ಹೊಂದಲಿಲ್ಲ, ಫಲಕದಲ್ಲಿ ಮಾತ್ರ ಜಾಗ ಸಿಕ್ಕಿತು. ಹುಡುಗಿಗೆ ತುಂಬ ನೋವಾಯಿತು. ಅವಳು ಗುಂಪಿನ ತೀರ್ಮಾನಕ್ಕೆ ಸಹಿ ಹಾಕದೆ, ಮುಂದಿನ ಅವಧಿಯಲ್ಲಿ ಅದನ್ನೇ ಸ್ವಂತ ಪ್ರಬಂಧ ಮಾಡಿದಳು. ಪ್ರಶ್ನೆಯನ್ನು ಚಿಕ್ಕದು ಮಾಡಿದರೆ ಯಾರದೋ ಒಂದು ದಾಖಲೆ ಹೊರಗೆ ಬೀಳುತ್ತದೆ. ಯಾರದು ಬೀಳುತ್ತಿದೆ ಅಂತ ಕಲಿಸುವವರು ಮೊದಲೇ ನೋಡಿಕೊಂಡು ಆ ಮಗುವಿಗೆ ಮುಂದಿನ ದಾರಿ ತೋರಿಸಿಟ್ಟಿರಬೇಕು.

ಈಗ ಆ ಮೇಷ್ಟ್ರು ಪ್ರಶ್ನೆ ಕೊಡುವ ಮುಂಚೆ ಕಾಗದ ಕೊಡುತ್ತಾರೆ. ಓದಿದ ಮೇಲೆ ಪ್ರಶ್ನೆ ಮಕ್ಕಳೇ ಬರೆಯಬೇಕು. ಮೂರು ಮೂಲ ದಾಖಲೆ ಅನ್ನುವ ನಿಯಮ ತೆಗೆದು, ಒಂದೇ ದಾಖಲೆ, ಆದರೆ ಅದಕ್ಕೆ ಸಾಕ್ಷಿ ಹೇಳುವ ಅಥವಾ ಎದುರು ಹೇಳುವ ಇನ್ನೊಂದು ದಾಖಲೆ ಹುಡುಕಿ ತರಬೇಕು ಅಂತ ಮಾಡಿದ್ದಾರೆ. ವಿಪಲ್ ಕಾಗದ ಅವರಿಗೆ ಅಷ್ಟು ಹಿಡಿಸಿತ್ತು. ಸಮಯದ ತೊಂದರೆ ಇನ್ನೂ ಇದೆ. ಓದುವುದು ನಿಧಾನ ಇರುವ ಮಕ್ಕಳಿಗೆ ಹಳೆಯ ಇಂಗ್ಲಿಷ್ ದೊಡ್ಡ ಗೋಡೆ, ಅವರಿಗೆ ಉಯಿಲಿನ ಬದಲು ಗುಲಾಮರ ಪಟ್ಟಿ ಕೊಟ್ಟರೆ ಕೆಲಸ ಮುಂದೆ ಹೋಗುತ್ತದೆ. ಪಟ್ಟಿಯಲ್ಲಿರುವುದು ಹೆಸರು, ವಯಸ್ಸು, ಗಂಡ ಹೆಂಡತಿ ಯಾರು ಅನ್ನುವುದು ಮಾತ್ರ. ಅದನ್ನು ಯಾವ ಮಗುವಾದರೂ ಓದುತ್ತದೆ.